ಪೊಟ್ಯಾಸಿಯಂ ಹೊರಟ ಮೇಲೆ

ಉಪ್ಪಕ್ಕ ಎಂಬ ಹೆಸರಿಟ್ಟವನು ಆಕೆಯ ತಮ್ಮ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅಕ್ಕನಿಗೆ ಕೆಲಸ ಸಿಕ್ಕ ಹೊಸತರಲ್ಲಿ ಅವನೊಮ್ಮೆ ಊಟದ ಡಬ್ಬಿ ಕೊಡಲು ಅಲ್ಲಿಗೆ ಹೋಗಿದ್ದ. ಬಿಳಿ ಕೋಟು ತೊಟ್ಟ ಅಕ್ಕ ದೊಡ್ಡ ಗಾಜಿನ ಪಾತ್ರೆಯಲ್ಲಿ ಏನೋ ಕಲಸುತ್ತಿದ್ದಳು. ಏನದು ಎಂದ. ಉಪ್ಪುನೀರು ಎಂದಳು. ಪಕ್ಕದ್ದು? ಅದೂ ಉಪ್ಪುನೀರೇ, ಉಪ್ಪು ಬೇರೆ. ಆ ಕಡೆಯದು? ಅದೂ ಅಷ್ಟೆ.

"ಅಯ್ಯೋ ಅಕ್ಕ, ಇಷ್ಟೆಲ್ಲ ಓದಿ ಉಪ್ಪುನೀರು ಕಲಸೋಕೆ ಬಂದ್ಯಾ?" ಎಂದು ಅವನು ನಕ್ಕ ನಗು ಕಾರಿಡಾರಿನ ತುದಿಯವರೆಗೂ ಕೇಳಿಸಿತು. ಅಂದಿನಿಂದ ಮನೆಯಲ್ಲೂ ಲ್ಯಾಬಿನಲ್ಲೂ, ಕಡೆಗೆ ಅಲ್ಲಿನ ಪ್ರೊಫೆಸರ್ ಮೇಡಂ ಬಾಯಲ್ಲೂ ಆಕೆ ಉಪ್ಪಕ್ಕನೇ ಆದಳು.

ತಾಯಿ ಬೇಗ ತೀರಿಕೊಂಡ ಮನೆ. ತಮ್ಮನ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಅಟ್ಟಿ ಬೆಳೆಸಿದವಳು ಆಕೆಯೇ. ಓದು ಅವನ ತಲೆಗೆ ಹತ್ತಲಿಲ್ಲ, ಗಾಜು ಕೈಗೆ ಹತ್ತಿತು. ಕಿಟಕಿಗಳಿಗೆ ಗಾಜು ಕೂರಿಸುವುದನ್ನು ಕಲಿತ, ರಸ್ತೆಯ ತಿರುವಿನಲ್ಲಿ ಅಂಗಡಿ ಇಟ್ಟ, ಮದುವೆಯಾದ. ಅವನು ಗಾಜಿನ ಮೇಲೆ ಗೀರೆಳೆದು ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕು, ಹಾಳೆ ಗೀರಿನ ಗುಂಟ ಸದ್ದಿಲ್ಲದೆ ಎರಡಾಗುತ್ತಿತ್ತು. ಅಂಗಡಿಯ ಮೇಲೆಯೇ ಮನೆ. ಅದರ ಹಿಂದಿನ ಕೋಣೆ ಅಕ್ಕನದು. ಉಪ್ಪಕ್ಕ ಮದುವೆ ಬೇಡವೆಂದಳು. ಯಾಕೆಂದು ಯಾರಾದರೂ ಕೆದಕಿದರೆ "ಒಬ್ಬನ್ನ ಸಾಕಿ ಸಾಕಾಗಿದೆ" ಎಂದು ತಮ್ಮನ ಕಡೆ ಕೈ ತೋರಿಸುತ್ತಿದ್ದಳು.

ಆಕೆಯ ಕೆಲಸ ಸಾವನ್ನು ನೋಡುವುದು. ಮನುಷ್ಯರದ್ದಲ್ಲ, ಜೀವಕೋಶಗಳದ್ದು. ಎಂದೋ ತೀರಿಹೋದ ಒಬ್ಬ ರೋಗಿಯ ಕತ್ತಿನ ಗಂಟಿನಿಂದ ತೆಗೆದ ಕ್ಯಾನ್ಸರ್ ಕೋಶಗಳು ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯೊಳಗೆ, ಚಪ್ಪಟೆ ಸೀಸೆಗಳ ಗುಲಾಬಿ ದ್ರವದಲ್ಲಿ ಇನ್ನೂ ಬೆಳೆಯುತ್ತಿದ್ದವು. ರೋಗಿ ಹೋಗಿದ್ದ, ರೋಗ ಉಳಿದಿತ್ತು. ಅವಕ್ಕೆ ಹೊತ್ತುಹೊತ್ತಿಗೆ ಆಹಾರ ಬದಲಿಸುವುದು, ಸೀಸೆ ತುಂಬಿದಾಗ ಬೇರೆ ಸೀಸೆಗಳಿಗೆ ಹಂಚುವುದು, ಆಮೇಲೆ ಕೆಲವಕ್ಕೆ ಔಷಧ ಹಾಕಿ ಅವು ಹೇಗೆ ಸಾಯುತ್ತವೆಂದು ಸೂಕ್ಷ್ಮದರ್ಶಕದಲ್ಲಿ ಕಾದು ನೋಡುವುದು. ಇದು ಉಪ್ಪಕ್ಕನ ದಿನಚರಿ.

ಬದುಕಿರುವ ಕೋಶ ಪೊಟ್ಯಾಸಿಯಮ್ಮನ್ನು ಒಳಗೆ ತುಂಬಿಟ್ಟುಕೊಂಡು ಸೋಡಿಯಮ್ಮನ್ನು ಹೊರಗಟ್ಟುತ್ತಲೇ ಇರುತ್ತದೆ. ಅದಕ್ಕೆಂದೇ ಅದರ ಪೊರೆಯಲ್ಲಿ ಪುಟ್ಟ ಪಂಪುಗಳಿವೆ, ಅವಕ್ಕೆ ಬಿಡುವೆಂಬುದಿಲ್ಲ. ಪೆಟ್ಟು ತಿಂದೋ ಉಸಿರುಕಟ್ಟಿಯೋ ಸಾಯುವ ಕೋಶದಲ್ಲಿ ಪಂಪು ನಿಂತುಹೋಗಿ, ಸೋಡಿಯಂ ಜೊತೆಗೆ ನೀರೂ ಒಳನುಗ್ಗಿ, ಕೋಶ ಊದಿ ಒಡೆಯುತ್ತದೆ. ತನ್ನನ್ನು ತಾನೇ ಮುಗಿಸಿಕೊಳ್ಳಲು ಹೊರಟ ಕೋಶದ ರೀತಿ ಬೇರೆ. ಅದು ಊದುವುದಿಲ್ಲ, ಕುಗ್ಗುತ್ತದೆ. ಪೊಟ್ಯಾಸಿಯಂ ಹೊರಡುತ್ತದೆ, ಅದರ ಬೆನ್ನಿಗೆ ಕ್ಲೋರೈಡ್, ಅವುಗಳ ಬೆನ್ನಿಗೆ ನೀರು. ಒಳಗೆ ಪೊಟ್ಯಾಸಿಯಂ ತುಂಬಿರುವಷ್ಟು ಕಾಲ ತೆಪ್ಪಗಿದ್ದ ಕತ್ತರಿಗಳು, ಅಂದರೆ ಪ್ರೋಟೀನನ್ನೂ ಡಿಎನ್‌ಎಯನ್ನೂ ತುಂಡರಿಸುವ ಕಿಣ್ವಗಳು, ಆಗ ಕೆಲಸಕ್ಕಿಳಿಯುತ್ತವೆ. ದುಂಡಗೆ ಹೊಳೆಯುತ್ತಿದ್ದ ಕೋಶ ಸುಕ್ಕುಗಟ್ಟಿ, ಗುಳ್ಳೆಗುಳ್ಳೆಯಾಗಿ, ಚೂರಾಗುತ್ತದೆ.

ಒಮ್ಮೆ ಮೇಡಂ ಹೇಳಿದಂತೆ ಉಪ್ಪಕ್ಕ ಒಂದು ಪ್ರಯೋಗ ಮಾಡಿದಳು. ಔಷಧ ಹಾಕಿದ ಕೋಶಗಳನ್ನು ಮಾಮೂಲಿ ದ್ರವದ ಬದಲು ಪೊಟ್ಯಾಸಿಯಂ ತುಂಬಿ ತುಳುಕುವ ದ್ರವದಲ್ಲಿ ಇಟ್ಟಳು. ಹೊರಗೂ ಒಳಗಿನಷ್ಟೇ ಇದ್ದರೆ ಪೊಟ್ಯಾಸಿಯಂ ಹೊರಡುವುದಾದರೂ ಎಲ್ಲಿಗೆ? ಸಾಯಬೇಕಾಗಿದ್ದ ಕೋಶಗಳು ದುಂಡಗೆ ಹಾಗೆಯೇ ಉಳಿದವು. ಆಕೆಗೆ ಒಳಗೊಳಗೇ ಖುಷಿಯಾಯಿತು. ಅವನ್ನು ಮತ್ತೆ ಮಾಮೂಲಿ ದ್ರವಕ್ಕೆ ಹಾಕಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನೋಡುತ್ತಿದ್ದಂತೆಯೇ ಒಂದಾದ ಮೇಲೊಂದು ಸುಕ್ಕುಗಟ್ಟತೊಡಗಿದವು.

"ಉಳ್ಕೊಂಡ್ವಲ್ಲ?" ಎಂದು ಮೇಡಂ ಹಿಂದಿನಿಂದ ಕೇಳಿದರು.

"ಇಲ್ಲ ಮೇಡಂ. ಕಾಯ್ತಾ ಇದ್ವು ಅಷ್ಟೆ," ಎಂದಳು ಉಪ್ಪಕ್ಕ.

ಆ ವರ್ಷವೇ ತಮ್ಮನ ದವಡೆಯ ಕೆಳಗೆ ಒಂದು ಗಂಟು ಎದ್ದಿತು. ಮೊದಲು ಹಲ್ಲುನೋವೆಂದುಕೊಂಡ. ಹಲ್ಲಿನ ಡಾಕ್ಟರು ಹಲ್ಲು ಕಿತ್ತರು, ಗಂಟು ಹೋಗಲಿಲ್ಲ. ಅಂಗಿಯ ಕಾಲರಿನ ಗುಂಡಿ ಹಾಕಲು ಬಾರದಾಯಿತು. ಅಂಗಡಿಗೆ ಬಂದ ಗಿರಾಕಿಗಳು ಅವನ ಕಣ್ಣು ನೋಡಿ ಮಾತಾಡುವುದು ಬಿಟ್ಟು ಕತ್ತು ನೋಡಿ ಮಾತಾಡತೊಡಗಿದರು. "ಇನ್ನೊಂದು ತಲೆ ಬರ್ತಾ ಇದೆ. ಒಂದರಲ್ಲೇ ಏನೂ ಇಲ್ಲ, ಎರಡು ಇಟ್ಕೊಂಡು ಏನ್ಮಾಡ್ಲಿ?" ಎಂದು ಅವನೇ ನಗಿಸುತ್ತಿದ್ದ. ಅಷ್ಟರಲ್ಲಿ ಹೊಟ್ಟೆಯೂ ಗಟ್ಟಿಯಾಗಿ ಉಬ್ಬಿತು. ದೊಡ್ಡಾಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಕ್ಯಾನ್ಸರ್ ವಿಭಾಗದ ಡಾಕ್ಟರು ಮೂವರನ್ನೂ ಕೂರಿಸಿಕೊಂಡು ರೋಗದ ಹೆಸರು ಹೇಳಿದರು. ಅದೇ ಹೆಸರನ್ನು ಉಪ್ಪಕ್ಕ ದಿನಬೆಳಗಾದರೆ ಸೀಸೆಗಳ ಮೇಲೆ ಬರೆಯುತ್ತಿದ್ದಳು.

"ಹೆದರಬೇಡಿ," ಎಂದರು ಡಾಕ್ಟರು. ವಯಸ್ಸಾದವರು, ಮೆಲುದನಿಯವರು. "ತುಂಬ ಜೋರಾಗಿ ಬೆಳೆಯೋ ಜಾತಿ ಇದು. ಆದ್ರೆ ಜೋರಾಗಿ ಬೆಳೆಯೋದೇ ಔಷಧಿಗೆ ಬೇಗ ಸಿಗೋದು. ಮಂಜುಗಡ್ಡೆ ಕರಗಿದ ಹಾಗೆ ಕರಗುತ್ತೆ."

ತಮ್ಮನ ಹೆಂಡತಿ ಅಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಹೊರಗೆ ಬಂದವಳೇ "ಕೇಳಿದ್ರಾ ಅತ್ತಿಗೆ, ಕರಗುತ್ತಂತೆ!" ಎಂದು ಉಪ್ಪಕ್ಕನನ್ನು ತಬ್ಬಿಕೊಂಡಳು. ಉಪ್ಪಕ್ಕ ಅವಳ ಬೆನ್ನು ಸವರಿದಳೇ ಹೊರತು ನಗಲಿಲ್ಲ. ಆಕೆಯ ತಲೆಯಲ್ಲಿ ಕೊರೆಯುತ್ತಿದ್ದುದು ಒಂದೇ ಪ್ರಶ್ನೆ. ಸೀಸೆಯಲ್ಲಿ ಕೋಶ ಸತ್ತರೆ ಒಳಗಿನ ಪೊಟ್ಯಾಸಿಯಂ ಸುತ್ತಲಿನ ದ್ರವಕ್ಕೆ ಸೇರುತ್ತದೆ, ಆ ದ್ರವವನ್ನು ಮೋರಿಗೆ ಚೆಲ್ಲಬಹುದು. ಕತ್ತಿನಲ್ಲೂ ಹೊಟ್ಟೆಯಲ್ಲೂ ಅಷ್ಟೊಂದು ತುಂಬಿಕೊಂಡಿರುವ ಕೋಶಗಳು ಒಟ್ಟಿಗೇ ಸತ್ತರೆ? ಅದಷ್ಟೂ ರಕ್ತಕ್ಕೇ ಬರಬೇಕು. ರಕ್ತ ಹೃದಯಕ್ಕೆ ಹೋಗಲೇಬೇಕು.

ತಡೆಯಲಾರದೆ ಒಬ್ಬಳೇ ಡಾಕ್ಟರ ಕೋಣೆಗೆ ಮರಳಿ ಹೋಗಿ ಕೇಳಿದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ನಮಗೂ ಇರೋ ಭಯಾನೇ. ಪೊಟ್ಯಾಸಿಯಂ ಒಂದೇ ಅಲ್ಲ, ಸತ್ತ ಕೋಶದಿಂದ ಬರೋ ಕಸ ಕಿಡ್ನಿಗೂ ಅಡ್ಡ ಕೂರುತ್ತೆ. ಕಿಡ್ನಿ ನಿಂತ್ರೆ ಪೊಟ್ಯಾಸಿಯಂ ಹೊರಗೆ ಹೋಗೋಕೆ ದಾರಿ ಇಲ್ಲ. ಅದಕ್ಕೇ ಮೊದಲು ಡ್ರಿಪ್ ಹಾಕಿ ನೀರು ತುಂಬಿಸ್ತೀವಿ, ಮಾತ್ರೆ ಕೊಡ್ತೀವಿ, ರಕ್ತ ಆಗಾಗ ನೋಡ್ತಾ ಇರ್ತೀವಿ. ಸಾಮಾನ್ಯವಾಗಿ ದಾಟ್ತಾರೆ."

"ದಾಟದೇ ಇದ್ರೆ?"

"ಡಯಾಲಿಸಿಸ್ ಇದೆ. ಔಷಧಿ ಕೊಡದೇ ಇದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ?"

ಗೊತ್ತಿತ್ತು. ಸೀಸೆ ತುಂಬುವುದನ್ನು ಆಕೆ ಬೇಕಾದಷ್ಟು ಸಲ ನೋಡಿದ್ದಳು.

ತಮ್ಮನನ್ನು ಕಿಟಕಿ ಪಕ್ಕದ ಮಂಚಕ್ಕೆ ಹಾಕಿದರು. ಮಲಗಿದಲ್ಲಿಂದಲೇ ಕಿಟಕಿಯ ಗಾಜು ನೋಡಿ "ಇದನ್ನ ಕೂರಿಸಿದವನು ಯಾವನೋ, ಅಂಟು ಬಳಿಯೋಕೂ ಬರಲ್ಲ" ಎಂದು ನರ್ಸಮ್ಮನಿಗೆ ತೋರಿಸಿದ. ಡ್ರಿಪ್ ಹತ್ತಿತು, ಔಷಧ ಹತ್ತಿತು. ಮರುದಿನ ಬೆಳಿಗ್ಗೆಗೇ ಗಂಟು ಮೆತ್ತಗಾಗಿತ್ತು. ಸಂಜೆ ದವಡೆಯ ಗೆರೆ ಕಾಣತೊಡಗಿತು. ಹೆಂಡತಿ ಪುಟ್ಟ ಕನ್ನಡಿ ತಂದು ಅವನ ಮುಖದೆದುರು ಹಿಡಿದಳು. ಅಕ್ಕಪಕ್ಕದ ರೋಗಿಗಳ ಮನೆಯವರು ಬಂದು ನೋಡಿ, ಪುಣ್ಯವಂತ ಕಣಪ್ಪ ಎಂದು ಹೋದರು.

ಗಂಟು ಇಳಿದಷ್ಟೂ ಉಪ್ಪಕ್ಕನ ಮುಖ ಇಳಿಯುತ್ತಿತ್ತು. ಅದು ಮಾಯವಾಗುತ್ತಿದ್ದ ವೇಗವೇ ಆಕೆಯನ್ನು ಹೆದರಿಸುತ್ತಿತ್ತು. ಮಂಚದ ಕೆಳಗೆ ತೂಗುಬಿಟ್ಟ ಮೂತ್ರದ ಚೀಲದ ಕಡೆಗೇ ಕಣ್ಣು ಹೋಗುತ್ತಿತ್ತು. ಮೊದಲಿನಷ್ಟು ತುಂಬುತ್ತಿರಲಿಲ್ಲ. ಬಣ್ಣ ಗಾಢವಾಗುತ್ತಿತ್ತು.

"ಅಕ್ಕ, ಒಂದು ಕೇಳ್ತೀನಿ, ನಿಜ ಹೇಳು," ಎಂದ ತಮ್ಮ, ಹೆಂಡತಿ ಆಚೆ ಹೋಗಿದ್ದಾಗ. "ಎಲ್ಲರೂ ಕುಣೀತಾ ಇದ್ದಾರೆ, ನೀನು ಮಾತ್ರ ಹೀಗೆ ಕೂತಿದ್ದೀಯ. ಒಳಗೆ ಏನಾಗ್ತಿದೆ?"

ಉಪ್ಪಕ್ಕ ಅವನಿಗೆ ಎಂದೂ ಸುಳ್ಳು ಹೇಳಿದವಳಲ್ಲ. ಹೇಳಿದಳು. ಅವನ ಕ್ಯಾನ್ಸರ್ ಕೋಶಗಳು ಸಾಯುತ್ತಿವೆ, ಸಾಯುವಾಗ ಹಿಡಿದಿಟ್ಟುಕೊಂಡ ಉಪ್ಪನ್ನು ಕೈಬಿಡುತ್ತಿವೆ, ಅದು ರಕ್ತಕ್ಕೆ ಬರುತ್ತಿದೆ, ಹೆಚ್ಚಾದರೆ ಹೃದಯ ತಾಳ ತಪ್ಪುತ್ತದೆ.

ಅವನು ಕತ್ತು ಸವರಿಕೊಂಡ. "ಹಾಗಾದ್ರೆ ಸಾಯ್ತಾ ಸಾಯ್ತಾ ನನ್ನ ಮೇಲೆ ಹಗೆ ತೀರಿಸ್ಕೊಂಡು ಹೋಗ್ತಿವೆ ಅನ್ನು."

"ಅವಕ್ಕೆ ಹಗೆ ಗಿಗೆ ಗೊತ್ತಿಲ್ಲ ಕಣೋ."

"ಅದೇ ಹೆದರಿಕೆ ಆಗೋದು," ಎಂದ ಅವನು. ಈ ಸಲ ನಗಲಿಲ್ಲ.

ಡಾಕ್ಟರು ಊಟದಲ್ಲಿ ಪಥ್ಯ ಹೇಳಿದ್ದರು. ಹಣ್ಣಿಲ್ಲ, ಹಣ್ಣಿನ ರಸ ಬೇಡವೇ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ ಎಂದು. ತಮ್ಮನ ಹೆಂಡತಿಯ ಮನಸ್ಸಿಗೆ ಅದು ಇಳಿದಿರಲಿಲ್ಲ. ಕಾಯಿಲೆಯವರಿಗೆ ಹಣ್ಣಿನ ರಸ ಕೊಡಬೇಡ ಎನ್ನುವುದು ಯಾವ ಸೀಮೆಯ ವೈದ್ಯ? ಔಷಧದ ಕಹಿಗೆ ಗಂಡನ ನಾಲಿಗೆ ದಪ್ಪವಾಗಿತ್ತು, ಒಂದು ಗುಟುಕು ಕಿತ್ತಳೆ ರಸ ಸಿಕ್ಕರೆ ಸಾಕೆಂದು ಅವನು ಗೋಗರೆಯುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ಉಪ್ಪಕ್ಕ ವಾರ್ಡಿಗೆ ಬಂದಾಗ ಹೆಂಡತಿ ಅವನ ತಲೆ ಎತ್ತಿ ಹಿಡಿದು, ಲೋಟವನ್ನು ತುಟಿಗೆ ಒಡ್ಡಿದ್ದಳು.

ಉಪ್ಪಕ್ಕ ಓಡಿಹೋಗಿ ಲೋಟ ಕಿತ್ತುಕೊಂಡಳು. ಅರ್ಧ ಹಾಸಿಗೆಯ ಮೇಲೆ ಚೆಲ್ಲಿತು, ಉಳಿದದ್ದನ್ನು ಆಕೆಯೇ ಸಿಂಕಿಗೆ ಸುರಿದಳು.

"ಏನತ್ತಿಗೆ ಇದು!" ತಮ್ಮನ ಹೆಂಡತಿಯ ದನಿಗೆ ಇಡೀ ವಾರ್ಡು ತಿರುಗಿತು. "ಗುಣ ಆಗ್ತಿರೋನ ಬಾಯಿಂದ ಕಿತ್ಕೊಂಡ್ರಲ್ಲ! ಬಂದ ದಿನದಿಂದ ನೋಡ್ತಿದ್ದೀನಿ, ಸೂತಕದ ಮುಖ ಹೊತ್ಕೊಂಡು ಕೂರ್ತೀರ. ಗಂಟು ಕರಗಿದ್ದು ನಿಮಗೆ ಇಷ್ಟ ಇಲ್ವಾ?"

"ಡಾಕ್ಟರು ಹೇಳಿದ್ದು ನೀನೂ ಕೇಳಿಸ್ಕೊಂಡೆ ಅಲ್ವಾ?"

"ಒಂದು ಲೋಟಕ್ಕೆ ಏನಾಗುತ್ತೆ? ನಿಮ್ಮ ಸೀಸೆ ಅಲ್ಲ ಇದು, ನನ್ನ ಗಂಡ. ಕೈಮುಗಿದು ಕೇಳ್ತೀನಿ, ಎರಡು ದಿನ ಈ ಕಡೆ ಬರಬೇಡಿ."

ತಮ್ಮ ಇಬ್ಬರ ನಡುವೆ ಕಣ್ಣು ಮುಚ್ಚಿಕೊಂಡು ಮಲಗಿದ್ದ. ಉಪ್ಪಕ್ಕ ಹೊರಟಳು. ಹೋಗುವ ಮುಂಚೆ ನರ್ಸಮ್ಮನ ಹತ್ತಿರ ನಿಂತು, ಮೂತ್ರ ಕಡಿಮೆಯಾಗುತ್ತಿದೆ ಎಂದಳು. ಡಾಕ್ಟರಿಗೆ ಆಗಲೇ ತಿಳಿಸಿದ್ದೇವೆ, ರಕ್ತ ತೆಗೆದು ಕಳಿಸಿದ್ದೇವೆ ಎಂದಳು ನರ್ಸಮ್ಮ. ಎಲ್ಲರೂ ಮಾಡಬೇಕಾದ್ದನ್ನೇ ಮಾಡುತ್ತಿದ್ದರು. ಉಪ್ಪಕ್ಕನಿಗೆ ಅದರಿಂದಲೂ ಧೈರ್ಯ ಬರಲಿಲ್ಲ.

ಮರುದಿನ ಆಕೆ ಲ್ಯಾಬಿಗೆ ಹೋದಳು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಔಷಧ ಹಾಕಿದ ಕೋಶಗಳಿದ್ದವು. ಒಂದರ ಅಂಚು ನಡುಗಿ ಒಳಗೆ ಸರಿಯಿತು, ಪಕ್ಕದ್ದೂ ಸರಿಯಿತು. ಸಾಲುಸಾಲಾಗಿ ಕುಗ್ಗುತ್ತಿದ್ದವು. ಇಷ್ಟು ದಿನ ಅದೊಂದು ಕೆಲಸ, ಬರೆದಿಟ್ಟುಕೊಳ್ಳಬೇಕಾದ ಸಂಗತಿ. ಈಗ ನೋಡಲಾಗಲಿಲ್ಲ. ಮುಖ ತಿರುಗಿಸುವಷ್ಟರಲ್ಲಿ ಫೋನು ಬಂತು.

"ಅತ್ತಿಗೆ, ಬೇಗ ಬನ್ನಿ," ಎಂದಿತು ಆ ಕಡೆಯ ದನಿ. ಮುಂದಿನ ಮಾತು ಅಳುವಿನಲ್ಲಿ ತಿಳಿಯಲಿಲ್ಲ.

ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದ ಸುತ್ತ ಪರದೆ ಎಳೆದಿದ್ದರು. ಬೆಳಿಗ್ಗೆಯಿಂದ ಅವನ ತುಟಿಯ ಸುತ್ತ ಜುಮ್ಮೆನ್ನುತ್ತಿತ್ತಂತೆ. ಬೆರಳುಗಳು ಸೆಟೆದುಕೊಂಡವು. ಆಮೇಲೆ, ಕಾಲು ನನ್ನದಲ್ಲವೆಂಬಂತೆ ಆಗಿದೆ ಎಂದ. ಇ.ಸಿ.ಜಿ. ಪರದೆಯ ಮೇಲೆ ಗುಡ್ಡದಂತಿದ್ದ ಅಲೆ ಮೊನೆಯಾಗಿ ನಿಂತಿತು. ರಕ್ತದ ವರದಿಯೂ ಅದನ್ನೇ ಹೇಳಿತು, ಪೊಟ್ಯಾಸಿಯಂ ಮಿತಿಮೀರಿದೆ ಎಂದು. ಹೃದಯ ಕಾಯಲು ಕ್ಯಾಲ್ಸಿಯಂ ಚುಚ್ಚಿದರು, ಪೊಟ್ಯಾಸಿಯಮ್ಮನ್ನು ಕೋಶಗಳೊಳಗೆ ವಾಪಸು ತಳ್ಳಲು ಇನ್ಸುಲಿನ್ನೂ ಗ್ಲೂಕೋಸೂ ಕೊಟ್ಟರು. ಡಯಾಲಿಸಿಸ್ ಕೋಣೆಗೆ ಒಯ್ಯಲು ಮಂಚದ ಗಾಲಿಗಳ ಬ್ರೇಕು ತೆಗೆಯುತ್ತಿದ್ದಾಗಲೇ ಅವನ ಎದೆಬಡಿತ ನಿಂತುಹೋಯಿತು.

ಉಪ್ಪಕ್ಕ ಬಂದಾಗ ಪರದೆಯ ಆಚೆಯಿಂದ ಯಾರೋ ಎದೆ ಒತ್ತುತ್ತಾ ಎಣಿಸುವ ದನಿ ಕೇಳುತ್ತಿತ್ತು. ಎಣಿಕೆ ಮುಗಿಯುವುದು, ಮತ್ತೆ ಒಂದರಿಂದ ಶುರುವಾಗುವುದು. ಪರದೆಯ ಕೆಳಗೆ ಬಿಳಿ ಬೂಟುಗಳು ಅತ್ತಿಂದಿತ್ತ ಸರಿದಾಡುತ್ತಿದ್ದವು. ತಮ್ಮನ ಒಂದು ಚಪ್ಪಲಿ ಯಾರದೋ ಕಾಲಿಗೆ ಸಿಕ್ಕಿ ಗೋಡೆಯ ತನಕ ಜಾರಿ ಬಂತು. ತಮ್ಮನ ಹೆಂಡತಿ ಗೋಡೆಗೊರಗಿ ನೆಲದ ಮೇಲೆ ಕುಕ್ಕರಿಸಿದ್ದಳು. ಉಪ್ಪಕ್ಕನನ್ನು ಕಂಡು ಆಕೆಯ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನೇ ಅತ್ತಿಗೆ. ನಾನೇ ಕೊಂದೆ. ನೀವು ಹೋದ ಮೇಲೆ ಮತ್ತೆ ಕೊಟ್ಟೆ. ತುಂಬ ಕೇಳಿದ್ರು, ಅರ್ಧ ಲೋಟ ಕೊಟ್ಟೆ."

ಅರ್ಧ ಲೋಟದಲ್ಲಿ ಎಷ್ಟು ಪೊಟ್ಯಾಸಿಯಂ ಇರುತ್ತದೆಂದು ಉಪ್ಪಕ್ಕನಿಗೆ ಗೊತ್ತಿತ್ತು. ಕಿಡ್ನಿ ಕೈಕೊಟ್ಟವನ ರಕ್ತದಲ್ಲಿ ಅಷ್ಟೂ ಲೆಕ್ಕಕ್ಕೆ ಬರಬಹುದೆಂದೂ ಗೊತ್ತಿತ್ತು. ಅವನ ಸಾಯುತ್ತಿದ್ದ ಕೋಶಗಳು ಬಿಟ್ಟದ್ದರ ಮುಂದೆ ಅದು ಏನೂ ಅಲ್ಲವೆಂದೂ ಗೊತ್ತಿತ್ತು. ಯಾವುದು ಅಂಚಿನಿಂದಾಚೆ ದೂಡಿತೆಂದು ಯಾರೂ ಹೇಳಲಾರರು. ಆಕೆ ನೆಲದ ಮೇಲೆ ಕೂತು ತಮ್ಮನ ಹೆಂಡತಿಯ ಗಲ್ಲ ಹಿಡಿದೆತ್ತಿದಳು.

"ನೋಡು ಇಲ್ಲಿ. ಅರ್ಧ ಲೋಟದಿಂದ ಆಗಿದ್ದಲ್ಲ ಇದು. ಕೇಳಿಸ್ತಾ? ಕೊಡದೇ ಇದ್ರೂ ಆಗ್ತಿತ್ತು."

"ನಿಜವಾಗ್ಲೂ?"

"ನಿಜವಾಗ್ಲೂ."

ಪರದೆಯೊಳಗೆ ಎಣಿಕೆ ನಿಂತಿತು. ಯಾರೋ "ಬಡಿತ ಬಂತು" ಎಂದರು. ಮಂಚದ ಗಾಲಿಗಳು ಉರುಳಿದವು.

ಡಯಾಲಿಸಿಸ್ ಯಂತ್ರ ಅವನ ರಕ್ತವನ್ನು ಹೊರಗೆಳೆದು, ಸೋಸಿ, ಒಳಗೆ ಬಿಡುತ್ತಾ ದಿನಗಟ್ಟಲೆ ಗುಂಯ್‌ಗುಟ್ಟಿತು. ಕತ್ತಿನ ಗಂಟು ಇದ್ದ ಜಾಗದಲ್ಲಿ ಈಗ ಸಡಿಲ ಚರ್ಮ ಮಾತ್ರ ಇತ್ತು. ಕಿಡ್ನಿ ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಅವನಿಗೆ ಪೂರ್ತಿ ಎಚ್ಚರ ಬಂದ ಮೇಲೆ ಹೆಂಡತಿ ಅಳುತ್ತಾ ಎಲ್ಲ ಹೇಳಿದಳು. "ಹೃದಯ ನಿಂತಿತ್ತಾ? ಅದಕ್ಕೇ ಇರಬೇಕು ಅಷ್ಟು ನಿಶ್ಶಬ್ದ," ಎಂದನಂತೆ. ಮುಂದಿನ ಸುತ್ತುಗಳ ಔಷಧವನ್ನು ಡಾಕ್ಟರು ಬಹಳ ಎಚ್ಚರಿಕೆಯಿಂದ, ಇಷ್ಟಿಷ್ಟೇ ಕೊಟ್ಟರು. ಕಡೆಗೊಂದು ದಿನ ಮನೆಗೆ ಬಂದ. ಗಾಜಿನ ಹಾಳೆ ಎತ್ತುವಷ್ಟು ತೋಳಿನಲ್ಲಿ ಬಲವಿರಲಿಲ್ಲ, ಕೈ ನಡುಗುತ್ತಿತ್ತು. ಅಂಗಡಿಯಲ್ಲಿ ಕುರ್ಚಿ ಹಾಕಿ ಕೂತು ಬೇರೊಬ್ಬ ಕೆಲಸದವನ ಕೈಯಲ್ಲಿ ಮಾಡಿಸುತ್ತಿದ್ದ. ಅವನ ಬಾಯಿಗೇನೂ ಆಗಿರಲಿಲ್ಲವಾದ್ದರಿಂದ ಆ ಕೆಲಸದವನಿಗೆ ಬದುಕು ಸಾಕಾಗಿತ್ತು.

ಉಪ್ಪಕ್ಕ ರಜೆ ಮುಗಿಸಿ ಲ್ಯಾಬಿಗೆ ಹೋದಾಗ ಬೆಚ್ಚನೆಯ ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಸೀಸೆ ಸಿಕ್ಕಿತು. ಫೋನು ಬಂದ ದಿನ ಅರ್ಧಕ್ಕೇ ಬಿಟ್ಟು ಓಡಿದ್ದದ್ದು. ಯಾರೋ ಪುಣ್ಯಾತ್ಮರು ಅದನ್ನೂ ಮಿಕ್ಕ ಸೀಸೆಗಳ ಜೊತೆ ಸೇರಿಸಿ ಆಹಾರ ಬದಲಿಸುತ್ತಾ ಬಂದಿದ್ದರು. ಎಸೆಯುವ ಮುಂಚೆ ರೂಢಿಯಂತೆ ಕಣ್ಣಿಟ್ಟು ನೋಡಿದಳು. ಚೂರುಗಳ ನಡುವೆ ಅಲ್ಲೊಂದು ಇಲ್ಲೊಂದು ಗುಂಪು, ದುಂಡಗೆ, ತುಂಬಿಕೊಂಡು, ಹೊಳೆಯುತ್ತಿತ್ತು. ಅಷ್ಟು ಔಷಧ ತಿಂದೂ ಸಾಯದ ಕೆಲವು ಉಳಿದು, ಒಂದು ಎರಡಾಗಿ, ಎರಡು ನಾಲ್ಕಾಗಿದ್ದವು.

ಮೇಡಂಗೆ ತೋರಿಸಿದಳು. ಮುಚ್ಚಿಡುವುದು ಆಕೆಯ ಜಾಯಮಾನವಲ್ಲ. ಅವಕ್ಕೆ ಮತ್ತೆ ಅದೇ ಔಷಧ ಹಾಕಿ ಒಳಗಿನ ಪೊಟ್ಯಾಸಿಯಂ ಅಳೆದರು. ಒಂದಿಷ್ಟೂ ಇಳಿದಿರಲಿಲ್ಲ. ಸಾಯಿ ಎಂದರೂ ಈ ಕೋಶಗಳು ಬಾಗಿಲು ತೆರೆಯುತ್ತಿರಲಿಲ್ಲ.

"ಉಪ್ಪಕ್ಕ, ಔಷಧಿಗೆ ಬಗ್ಗದ ಕೋಶ, ಇದನ್ನೇ ನಾವು ಇಷ್ಟು ವರ್ಷ ಹುಡುಕ್ತಾ ಇದ್ದಿದ್ದು!" ಮೇಡಂ ಕಣ್ಣರಳಿಸಿದರು. ಆಮೇಲೆ ಆಕೆಯ ಮುಖ ನೋಡಿ ದನಿ ತಗ್ಗಿಸಿದರು. "ಬೇಡ ಅಂದ್ರೆ ಇವನ್ನ ಬೇರೆಯವರ ಕೈಗೆ ಕೊಡ್ತೀನಿ."

"ಬೇಡ ಮೇಡಂ, ನಾನೇ ನೋಡ್ಕೊತೀನಿ. ಇವು ಯಾಕೆ ಬಿಡಲ್ಲ ಅಂತ ನನಗೇ ಗೊತ್ತಾಗಬೇಕು."

ಹಾಗೆ ಅವು ಆಕೆಯ ಪಾಲಿಗೆ ಬಂದವು. ದಿನವೂ ಅವಕ್ಕೆ ಆಹಾರ ಹಾಕುತ್ತಾಳೆ. ಚೆನ್ನಾಗಿ ಬೆಳೆಯುತ್ತವೆ. ಮನೆಯಲ್ಲಿ ಈ ವಿಷಯ ಎತ್ತಿಲ್ಲ. ತಮ್ಮ ಕೇಳಿದ್ದರೆ ಹೇಳುತ್ತಿದ್ದಳು. ಒಳಗೆ ಏನಾಗುತ್ತಿದೆ ಎಂದು ಅವನು ಆ ಮೇಲೆ ಒಮ್ಮೆಯೂ ಕೇಳಲಿಲ್ಲ.

ಮೊನ್ನೆ ಅವನ ತಪಾಸಣೆಗೆ ಮೂವರೂ ಹೋಗಿದ್ದರು. ಸ್ಕ್ಯಾನಿನ ಚಿತ್ರವನ್ನು ಡಾಕ್ಟರು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡಿದರು. "ಏನೂ ಕಾಣ್ತಾ ಇಲ್ಲ," ಎಂದರು.

"ಏನೂ ಇಲ್ವಂತೆ!" ತಮ್ಮ ಹೆಂಡತಿಯ ಭುಜ ತಟ್ಟಿದ. ಅವಳು ಮೊದಲು ತಿರುಗಿದ್ದು ಅತ್ತಿಗೆಯ ಮುಖದ ಕಡೆಗೆ. ಡಾಕ್ಟರ ಮಾತಿಗಿಂತ ಆ ಮುಖವನ್ನು ಓದುವುದು ಈಗ ಅವಳಿಗೆ ರೂಢಿಯಾಗಿತ್ತು.

ಉಪ್ಪಕ್ಕ ನಕ್ಕಳು. ಡಾಕ್ಟರು ಹೇಳಿದ್ದು ಕಾಣುತ್ತಿಲ್ಲ ಎಂದು, ಇಲ್ಲ ಎಂದಲ್ಲ. ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ತಪಾಸಣೆ ಯಾವಾಗ ಎಂದು ಕೇಳಿದಳು, ಬಾಗಿಲ ಬಳಿ ನಿಂತು ಇಬ್ಬರನ್ನೂ ಮುಂದೆ ಬಿಟ್ಟಳು. ಕಾರಿಡಾರಿನಲ್ಲಿ ತಮ್ಮ ಅಂಗಿಯ ಕಾಲರಿನ ಗುಂಡಿ ಹಾಕಿಕೊಳ್ಳುತ್ತಾ ನಡೆಯುತ್ತಿದ್ದ. ಆಕೆ ಒಂದು ಹೆಜ್ಜೆ ಹಿಂದೆ, ಅವನ ಕತ್ತನ್ನೇ ನೋಡುತ್ತಾ ಬರುತ್ತಿದ್ದಳು.